ನಡೆಸುವ ಮುನ್ನ ನಡೆಯುವುದು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅರ್ಜೆಂಟೀನದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿಯೂ ನದಿಯಾಚೆಯ ಮಾಂಟೆವಿಡಿಯೊದಲ್ಲಿಯೂ ಬಡವರ ಕೇರಿಗಳಲ್ಲಿ ರೂಪು ತಳೆದ ಜೋಡಿಕುಣಿತವೇ ಟ್ಯಾಂಗೊ. ಇಟಲಿ, ಸ್ಪೇನ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬಂದವರಿಂದ ಬ್ಯೂನಸ್ ಐರಿಸ್ ತುಂಬಿಹೋಗಿತ್ತು. 1914ರ ಜನಗಣತಿಯ ವೇಳೆಗೆ ನಗರದ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಹೊರನಾಡಿನಲ್ಲಿ ಹುಟ್ಟಿದವರು. ಬಂದವರಲ್ಲಿ ಗಂಡಸರೇ ಹೆಚ್ಚು. ಆದ್ದರಿಂದ ಕುಣಿತಕ್ಕೆ ಜತೆಗಾತಿ ದೊರೆಯುವುದೇ ದುರ್ಲಭವಾಗಿತ್ತು. ಒಪ್ಪವಾಗಿ ಕುಣಿಯಲಾರದವನನ್ನು ಕೇಳುವವರಿರಲಿಲ್ಲ.

ಈ ಕೊರತೆಯೇ ಒಂದು ಶಿಕ್ಷಣಕ್ರಮಕ್ಕೆ ನೆಲೆಯಾಯಿತು. ಗಂಡಸರು ತಮ್ಮತಮ್ಮಲ್ಲೇ ಕೂಡಿ ಅಭ್ಯಾಸ ಮಾಡತೊಡಗಿದರು. ಇಂಥ ಕೂಟಗಳಿಗೆ ‘ಪ್ರಾಕ್ಟಿಕಾ’ ಎಂದು ಹೆಸರು. ಹೊಸದಾಗಿ ಬಂದ ಹುಡುಗನಿಗೆ ಅಲ್ಲಿ ಮೊದಲು ಕಲಿಸುತ್ತಿದ್ದುದು ಹೆಣ್ಣಿನ ಪಾತ್ರವನ್ನು, ಎಂದರೆ ಅನುಸರಿಸುವುದನ್ನು. ತಿಂಗಳುಗಟ್ಟಲೆ ಅನುಭವಿಗಳ ತೋಳಿನಲ್ಲಿ ಹಿಂದುಹಿಂದಕ್ಕೆ ನಡೆದು ಹದಗೊಂಡ ಮೇಲೆಯೇ ಅವನಿಗೆ ನಡೆಸುವ ಅಧಿಕಾರ.

ಇದರ ಔಚಿತ್ಯವೇನು? ಟ್ಯಾಂಗೊ ಕೂಟದಲ್ಲಿ ಹೆಜ್ಜೆಗಳ ಸರಣಿ ಮೊದಲೇ ಗೊತ್ತುಪಡಿಸಿದ್ದಲ್ಲ. ನಡೆಸುವವನು ಸಂಗೀತಕ್ಕೆ ಒಪ್ಪುವ ಹೆಜ್ಜೆಯನ್ನು ಆ ಕ್ಷಣದಲ್ಲಿ ಆಯ್ದು, ಎದೆಯ ಸೂಕ್ಷ್ಮ ಚಲನೆಯಿಂದ ಅದನ್ನು ಸೂಚಿಸುತ್ತಾನೆ. ಜತೆಗಾತಿಯ ಮೈಭಾರ ಯಾವ ಕಾಲಿನ ಮೇಲಿದೆಯೆಂದು ಅರಿಯದೆ ಸೂಚಿಸಿದರೆ ಅದು ಸೂಚನೆಯಾಗದು, ನೂಕುವಿಕೆಯಾದೀತು. ಈ ಭೇದ ತಾನೇ ಅನುಸರಿಸಿ ನಡೆದವನಿಗೆ ಚೆನ್ನಾಗಿ ತಿಳಿಯುತ್ತದೆ.

ಆದರೆ ಈ ವ್ಯವಸ್ಥೆಯಲ್ಲೊಂದು ಅಸಮತೆಯೂ ಇತ್ತು. ಹೆಂಗಸರು ಬಹುಮಟ್ಟಿಗೆ ಮನೆಯಲ್ಲಿ ಬಂಧುಗಳಿಂದ ಕಲಿಯುತ್ತಿದ್ದರು. ತುಂಬಿದ ಕೂಟದಲ್ಲಿ ನಡೆಸುವ ಪಾತ್ರ ಅವರಿಗೆ ಸಲ್ಲುತ್ತಿರಲಿಲ್ಲ. ಎರಡೂ ಪಾತ್ರಗಳ ತಿಳಿವು ಹೆಚ್ಚಾಗಿ ಗಂಡಸಿನ ಸೊತ್ತಾಗಿತ್ತು.

1955ರ ಸೇನಾಕ್ರಾಂತಿಯ ಅನಂತರ ಟ್ಯಾಂಗೊ ಇಳಿಮುಖವಾಯಿತು, ಪ್ರಾಕ್ಟಿಕಾಗಳೂ ಕ್ಷೀಣಿಸಿದವು. 1983ರಲ್ಲಿ ಪ್ಯಾರಿಸ್ಸಿನಲ್ಲಿಯೂ 1985ರಲ್ಲಿ ನ್ಯೂಯಾರ್ಕಿನಲ್ಲಿಯೂ ನಡೆದ ‘ಟ್ಯಾಂಗೊ ಅರ್ಜೆಂಟಿನೊ’ ಪ್ರದರ್ಶನ ಕುಣಿತಕ್ಕೆ ಮರುಜೀವ ತಂದಿತು. ಆದರೆ ಹೊಸ ತರಗತಿಗಳಲ್ಲಿ ಗಂಡು ನಡೆಸುವುದನ್ನು, ಹೆಣ್ಣು ಅನುಸರಿಸುವುದನ್ನು ಮಾತ್ರ ಕಲಿಯುವುದು ವಾಡಿಕೆಯಾಯಿತು. ಅರ್ಧ ವಿದ್ಯೆ ಕುಣಿಯುವವನಿಗೆ ಸಾಕಾಗಬಹುದು, ಕಲಿಸುವವನಿಗೆ ಸಾಲದು. ಶಿಷ್ಯನ ತಪ್ಪನ್ನು ಗುರು ಕಣ್ಣಿನಿಂದ ಕಂಡರಷ್ಟೇ ಸಾಲದು, ಅವನ ಜತೆಯಾಗಿ ನಿಂತು ಮೈಯಿಂದಲೂ ಅರಿಯಬೇಕು.

ಯುನೆಸ್ಕೊ 2009ರಲ್ಲಿ ಟ್ಯಾಂಗೊವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿ ಹೆಸರನ್ನು ಉಳಿಸೀತು. ವಿದ್ಯೆಯನ್ನು ಉಳಿಸಬೇಕಾದವರು ಗುರುಗಳೇ. ಇಂದು ಎರಡೂ ಪಾತ್ರಗಳನ್ನು ಕಲಿತು ಕಲಿಸುವ ಗುರುಗಳಿದ್ದಾರೆ; ಅವರಲ್ಲಿ ಹೆಂಗಸರೂ ಇದ್ದಾರೆ. ಹಳೆಯ ಕ್ರಮದ ತಿರುಳು ಹೀಗೆ ಮರಳಿದೆ, ಅದರ ಅಸಮತೆಯನ್ನು ಹಿಂದೆ ಬಿಟ್ಟು.