ಹಗೇವು, ಪಾತರ, ಕಪಿಲೆ, ಮೋಟ: ಗದ್ವಾಲ–ಮಕ್ತಲ ಸೀಮೆಯ ಒಕ್ಕಲುತನದ ಕಟ್ಟಡಗಳು

ಕೃಷ್ಣಾ–ತುಂಗಭದ್ರೆಯರ ಸಂಗಮದ ಬಳಿಯಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು, ಶ್ರೀಶೈಲ ಜಲಾಶಯದ ಹಿನ್ನೀರಿಗೆ ಸಿಕ್ಕದಂತೆ ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರಳಿ ಕಟ್ಟಲಾಯಿತು. ಬಾದಾಮಿ ಚಾಲುಕ್ಯರ ಕಾಲದ ಆ ಗುಡಿಯನ್ನು ಇಂದಿಗೂ ಹೋಗಿ ನೋಡಬಹುದು. ಅದೇ ನೀರಿನಡಿ ಹೋದ ಊರುಗಳ ಬಾವಿ, ಕಣ, ಹಗೇವು, ಮಾಳಿಗೆಮನೆಗಳಿಗೆ ಆ ಭಾಗ್ಯ ದೊರೆಯಲಿಲ್ಲ. ದೊರೆಯಬೇಕಿತ್ತೆಂದು ವಾದಿಸುವುದು ಈ ಬರಹದ ಉದ್ದೇಶವಲ್ಲ. ಹಗೇವನ್ನು ಬಿಚ್ಚಿ ಮತ್ತೊಂದೆಡೆ ಕಟ್ಟುವುದು ಸಾಧ್ಯವೂ ಇಲ್ಲ. ಆದರೆ ಸ್ಮಾರಕವೆಂದರೆ ಕೋಟೆ ಮತ್ತು ಗುಡಿ ಎಂಬ ಎಣಿಕೆ ನಮ್ಮ ಕ್ಷೇತ್ರಕಾರ್ಯವನ್ನೂ ಎಷ್ಟರಮಟ್ಟಿಗೆ ಆಳುತ್ತಿದೆಯೆಂಬುದನ್ನು ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯಲ್ಲಿ ತಿರುಗಾಡುವವರು ಕೇಳಿಕೊಳ್ಳಲೇಬೇಕಾಗುತ್ತದೆ.

ಈ ಸೀಮೆಯ ಆಡಳಿತದ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. ಗದ್ವಾಲವು ನಿಜಾಮರ ಅಧೀನದ ಸಂಸ್ಥಾನವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಮಕ್ತಲ, ನಾರಾಯಣಪೇಟೆಗಳು ಅದಕ್ಕೂ ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಈಗ ಗದ್ವಾಲವು 2016ರಲ್ಲಿ, ನಾರಾಯಣಪೇಟೆಯು 2019ರಲ್ಲಿ ರಚನೆಯಾದ ತೆಲಂಗಾಣದ ಜಿಲ್ಲೆಗಳ ಕೇಂದ್ರಗಳು. ಕೃಷ್ಣಾ, ಮಾಗನೂರು ಮಂಡಲಗಳಲ್ಲಿ ಕನ್ನಡ ಮಾತು ಇಂದಿಗೂ ಮನೆಯೊಳಗಿದೆ. ಕೃಷ್ಣಾ–ತುಂಗಭದ್ರೆಯರ ನಡುವಿನ ನೆಲವನ್ನು ಗದ್ವಾಲದವರು ‘ನಡಿಗಡ್ಡ’ ಎನ್ನುತ್ತಾರೆ. ಪಡುವಣಕ್ಕೆ, ಅದೇ ಎರಡು ಹೊಳೆಗಳ ನಡುವಿನ ರಾಯಚೂರು ಭಾಗಕ್ಕೆ ಶಾಸನಗಳ ಹೆಸರು ‘ಎಡೆದೊರೆ ನಾಡು’. ನಡುವೆ ಎಂಬುದೇ ಎರಡು ಹೆಸರುಗಳ ತಿರುಳು. ಯಾವುದು ಯಾವುದರ ಅನುವಾದವೆಂದು ಕೇಳುವುದಕ್ಕಿಂತ, ಒಂದೇ ನೆಲವನ್ನು ಎರಡು ನುಡಿಗಳು ಒಂದೇ ಕಣ್ಣಿನಿಂದ ಕಂಡವೆಂದು ತಿಳಿಯುವುದು ಮೇಲು.

ಗದ್ವಾಲಕ್ಕೆ ಹೋದವರು ಮೊದಲು ಕೋಟೆಗೆ ಹೋಗುತ್ತಾರೆ, ತಪ್ಪೇನಿಲ್ಲ. ಸೋಮನಾದ್ರಿಯ ಹೆಸರಿನೊಂದಿಗೆ ಬೆಸೆದ ಆ ಮಣ್ಣಿನ ಕೋಟೆ, ಒಳಗಿನ ಚೆನ್ನಕೇಶವನ ಗುಡಿ, ರಾಣಿ ಆದಿಲಕ್ಷ್ಮಿ ದೇವಮ್ಮನವರ ಹೆಸರಿನ ಸರ್ಕಾರಿ ಕಾಲೇಜು ಎಲ್ಲವೂ ನೋಡತಕ್ಕವೇ. ಸಂಸ್ಥಾನವು ತೆಲುಗು, ಸಂಸ್ಕೃತ ಕವಿಗಳನ್ನು ಪೋಷಿಸಿ ‘ವಿದ್ವದ್ಗದ್ವಾಲ’ವೆಂಬ ಹೆಸರು ಪಡೆದುದು ಪ್ರಸಿದ್ಧ. ಆದರೆ ಕವಿಗೆ ಕೊಟ್ಟ ಸಂಭಾವನೆ ಹೊಲದಿಂದ ಬಂದುದು. ಆ ಹೊಲದ ಕಾಳು ಕೋಟೆಯನ್ನು ಮುಟ್ಟುವ ಮೊದಲು ಎಲ್ಲಿ ನಿಂತಿತು, ಯಾರ ಕೈಯಲ್ಲಿ ಅಳೆಯಲ್ಪಟ್ಟಿತು ಎಂಬುದಕ್ಕೆ ಕೋಟೆಯ ಗೋಡೆ ಉತ್ತರ ಕೊಡದು. ಅದಕ್ಕೆ ಊರೊಳಗೆ ಹೋಗಬೇಕು.

ಹಗೇವು ಎಂಬುದು ಹೊರನೋಟಕ್ಕೆ ಏನೂ ಅಲ್ಲ: ಅಂಗಳದಲ್ಲೋ ಬೀದಿಯಲ್ಲೋ ಮಣ್ಣು ಮುಚ್ಚಿದ ಒಂದು ಹಾಸುಗಲ್ಲು. ಕೆಳಗೆ ಕೊರಳು ಕಿರಿದಾಗಿ ಹೊಟ್ಟೆ ಹಿರಿದಾದ, ಹೂಜಿಯಾಕಾರದ ಗುಂಡಿ. ಎರೆನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿಯುತ್ತದೆ. ಆದ್ದರಿಂದ ಹಗೇವನ್ನು ತೋಡಲು ಗಟ್ಟಿಯಾದ ಗರಸಿನ ದಿಬ್ಬವೇ ಬೇಕು. ಜೋಳ ಬೆಳೆಯುವುದು ಎರೆಯಲ್ಲಿ, ಉಳಿಯುವುದು ಗರಸಿನಲ್ಲಿ. ಊರು ದಿಬ್ಬದ ಮೇಲೆ ಕುಳಿತಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ. ಗುಂಡಿಯ ಒಳಮೈಗೆ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಹೊಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿ ಪ್ರಾಣವಾಯು ಕಾಳಿನ ಉಸಿರಾಟದಿಂದಲೇ ತೀರಿಹೋಗುವುದರಿಂದ ಹುಳು ಬದುಕುವುದಿಲ್ಲ. ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅದೇ ಕಾರಣಕ್ಕೆ ತೆರೆದ ಹಗೇವಿಗೆ ಕೂಡಲೇ ಇಳಿದವರು ಸತ್ತದ್ದೂ ಉಂಟು. ಬಾಯಿ ತೆರೆದಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುವ ರೂಢಿ. ಇಳಿಯುತ್ತಿದ್ದ ಆಳು ಯಾರು, ಕಾಳಿನ ಒಡೆಯನು ಯಾರು ಎಂಬ ಪ್ರಶ್ನೆಯೂ ಈ ಕಟ್ಟಡದ ಚರಿತ್ರೆಗೆ ಸೇರಿದ್ದೇ.

ಹಗೇವು ತಾನಾಗಿಯೇ ಹಾಳಾಗಲಿಲ್ಲ. ಮುಂಬಯಿಯ ಕಡೆಯ ರೈಲುಮಾರ್ಗವೂ ಮದ್ರಾಸಿನ ಕಡೆಯದೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕೃಷ್ಣೆಯನ್ನು ದಾಟುವ ಆ ಹಳಿ ಇದೇ ಸೀಮೆಯನ್ನು ಹಾದಿದೆ. ಐದು ವರ್ಷ ಕಳೆಯುವುದರೊಳಗೆ 1876–78ರ ಬರ ಬಂದಿತು. ರೈಲು ಬರಗಾಲದಲ್ಲಿ ಕಾಳು ತಂದಿತೋ ಒಯ್ದಿತೋ ಎಂಬ ವಾದ ಇತಿಹಾಸಕಾರರಲ್ಲಿ ಹಳೆಯದು. ಕೂಡಿಟ್ಟ ಕಾಳಿಗೆ ದೂರದ ಪೇಟೆಯ ಬೆಲೆ ತಗುಲಿದ ಮೇಲೆ ಹಗೇವಿನ ಅರ್ಥ ಮೊದಲಿನಂತೆ ಉಳಿಯಲಿಲ್ಲವೆಂಬುದು ನನ್ನ ಅಭಿಪ್ರಾಯ. 1949ರ ಜಾಗೀರು ರದ್ದತಿ, ಆಮೇಲಿನ ಪಡಿತರದ ಅಕ್ಕಿ, ಇತ್ತೀಚೆಗೆ ಗದ್ವಾಲದ ಹೊಲಗಳನ್ನು ಆವರಿಸಿದ ಹತ್ತಿಬೀಜದ ಬೇಸಾಯ ಉಳಿದುದನ್ನು ಮುಗಿಸಿದವು. ಹತ್ತಿಗೆ ಹಗೇವು ಬೇಡ.

ಇನ್ನು ಮಾತಿನ ವಿಚಾರ. ಹಗೇವಿಗೆ ತೆಲುಗಿನಲ್ಲಿ ‘ಪಾತರ’. ನಮ್ಮ ಮಾಳಿಗೆಗೆ ಅವರ ‘ಮಿದ್ದೆ’. ಎರಡರ ಮೇಲೂ ಹೊದಿಸುವುದು ಅದೇ ಚೌಳುಮಣ್ಣು. ಕಣಕ್ಕೆ ‘ಕಳ್ಳಂ’, ಹಳಗನ್ನಡದ ‘ಕಳ’ವನ್ನು ನೆನೆದರೆ ಇವು ಒಂದೇ ಬೇರಿನವೆಂದು ಹೇಳಬೇಕಾಗಿಲ್ಲ. ‘ಗಾದೆ’ ಎಂದರೆ ತೆಲುಗು ರೈತನಿಗೆ ಕಣಜ, ಕನ್ನಡಿಗನಿಗೆ ನಾಣ್ಣುಡಿ. ‘ಗಡಿ’ ಎಂದರೆ ತೆಲಂಗಾಣದಲ್ಲಿ ದೊರೆಯ ಕೋಟೆಮನೆ, ನಮಗೆ ಸೀಮೆ. ಗಡಿಯಲ್ಲಿ ನಿಂತು ‘ಗಡಿ’ ಎಲ್ಲಿದೆಯೆಂದು ಕೇಳಿದ ಸಂಶೋಧಕನಿಗೆ ಹಾಳುಬಿದ್ದ ವಾಡೆಯನ್ನು ತೋರಿಸಿದರೆ ಅದು ಅವನ ಭಾಗ್ಯವೇ. ಎತ್ತು ಹೂಡಿ ನೀರೆತ್ತುವ ಕಪಿಲೆಗೆ ‘ಮೋಟ’ ಎಂಬ ಹೆಸರಿದೆ. ಮರಾಠಿಯಲ್ಲಿಯೂ ಅದೇ ‘ಮೋಟ್’. ತಿರುಗಿ ರಾಯಲಸೀಮೆಯ ತೆಲುಗಿನಲ್ಲಿ ‘ಕಪಿಲ’ ಎಂಬ ಮಾತೂ ಉಂಟು. ಹೀಗಿರುವಾಗ ಒಂದು ಬಾವಿಯನ್ನು ತೋರಿಸಿ ಇದು ಕನ್ನಡದ ಬಾವಿ, ಇದು ತೆಲುಗಿನದು ಎನ್ನುವ ಉತ್ಸಾಹಕ್ಕೆ ನೆಲೆಯಿಲ್ಲ. ಗಡಿನಾಡಿನ ಕನ್ನಡ ಸಂಶೋಧನೆಯಲ್ಲಿ ಈ ಉತ್ಸಾಹ ಅಲ್ಲಲ್ಲಿ ಇಣುಕುತ್ತದೆ. ಶಾಸನಕ್ಕೆ ಒಂದು ಭಾಷೆಯುಂಟು. ಬಾವಿಗೆ ಅದರಲ್ಲಿ ನೀರು ಸೇದಿದವರ ಎಲ್ಲ ಭಾಷೆಗಳೂ ಉಂಟು.

ಬಾವಿಯನ್ನು ನೋಡುವಾಗ ನೀರನ್ನಲ್ಲ, ದಡವನ್ನು ನೋಡಬೇಕು. ಎತ್ತುಗಳು ಇಳಿದು ಹತ್ತುತ್ತಿದ್ದ ಇಳಿಜಾರು, ಗಾಲಿಯನ್ನು ಹೊತ್ತ ಕಲ್ಲುಕಂಬಗಳು, ಹಗ್ಗ ತಿಕ್ಕಿ ಕಲ್ಲಿನಲ್ಲಿ ಬಿದ್ದ ಗೀರು ಇವೆಲ್ಲ ದಾಖಲೆಗಳು. ನೀರೆತ್ತುವ ತೊಗಲಿನ ಚೀಲವನ್ನು ಹೊಲಿದು ಕೊಡುತ್ತಿದ್ದವರು ಮಾದಿಗರು. ರಾಶಿಯ ಹೊತ್ತಿನಲ್ಲಿ ಕಣದಿಂದ ಅವರಿಗೆ ಪಾಲು ಸಲ್ಲುತ್ತಿತ್ತು. ವಿದ್ಯುತ್ ಪಂಪು ಬಂದು ಚೀಲ ಹೋದಾಗ ಆ ಪಾಲಿನ ವಾದಕ್ಕೂ ನೆಲೆ ತಪ್ಪಿತು. ಆ ಪಾಲಿನ ಲೆಕ್ಕ ಉರ್ದು ದಫ್ತರಗಳಲ್ಲಿ ಸಿಗುವುದು ಕಡಿಮೆ. ಕಣದಲ್ಲಿ ನಿಂತಿದ್ದವರ ನೆನಪಿನಲ್ಲೇ ಅದನ್ನು ಹುಡುಕಬೇಕು.

ನಾರಾಯಣಪೇಟೆಯ ನೇಯ್ಗೆಯನ್ನು ಕುರಿತು ಈಗಾಗಲೇ ಬೇಕಾದಷ್ಟು ಬರೆಯಲಾಗಿದೆ. ಅದನ್ನು ಇಲ್ಲಿ ಬಿಡುತ್ತೇನೆ.

ಕೃಷ್ಣಾ ಮಂಡಲದ ಮುಡುಮಾಲಿನ ನಿಲುವುಗಲ್ಲುಗಳು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಆ ಕಡೆಗೆ ಪ್ರವಾಸಿಗಳ ದೃಷ್ಟಿ ತಿರುಗಿದೆ. ಹತ್ತು ಅಡಿಗೂ ಮಿಕ್ಕಿದ ಬೃಹತ್ ಶಿಲೆಗಳು. ಅಲ್ಲಿಯ ಒಂದು ಬಂಡೆಯ ಮೇಲೆ ಸಪ್ತರ್ಷಿ ಮಂಡಲವನ್ನು ಹೋಲುವ ಗುಳಿಗಳು. ಖಗೋಲದ ಈ ಚರ್ಚೆಯ ಅಬ್ಬರದಲ್ಲಿ ಊರಿನ ಐತಿಹ್ಯವೊಂದು ಹಿಂದೆ ಸರಿದಿದೆ: ಕಣದಲ್ಲಿ ರಾಶಿ ಮಾಡುತ್ತಿದ್ದ ಒಕ್ಕಲು ಮಂದಿ ದೇವಿಯ ಶಾಪದಿಂದ ಕಲ್ಲಾದರು, ಕಾಳಿನ ರಾಶಿಗಳೇ ಕಲ್ಲಿನ ಕುಪ್ಪೆಗಳಾದವು ಎಂಬ ಧಾಟಿಯದು. ಬೃಹತ್ ಶಿಲಾ ಸಂಸ್ಕೃತಿಯ ಬಗೆಗೆ ಈ ಕಥೆ ಏನನ್ನೂ ಹೇಳದು. ಬೇಡಿ ಬಂದವರಿಗೆ ಕಣದಲ್ಲಿ ಮೊರ ಕಾಳು ಕೊಡಲೇಬೇಕೆಂಬ ಕಟ್ಟಳೆಯ ಬಗೆಗೆ ಬಹಳ ಹೇಳುತ್ತದೆ. ಕಣವನ್ನೇ ಕಾಣದ ತಲೆಮಾರಿಗೆ ಆ ಶಾಪದ ಕಾರಣವನ್ನು ಬಿಡಿಸಿ ಹೇಳಬೇಕಾದೀತು.

ಹೋಗುವವರು ಹಿಂಗಾರಿ ಜೋಳ ಒಕ್ಕುವ ಮಾಘ–ಫಾಲ್ಗುಣದಲ್ಲಿ ಹೋಗುವುದು ಒಳ್ಳೆಯದು. ರೋಣಗಲ್ಲು ಈಗ ಮನೆಯ ಮುಂದೆ ಕೂರುವ ಕಲ್ಲಾಗಿರುತ್ತದೆ. ಒಕ್ಕಣೆ ಡಾಂಬರು ರಸ್ತೆಯ ಮೇಲೋ ಯಂತ್ರದಲ್ಲೋ ನಡೆದಿರುತ್ತದೆ. ಹಾಳುಮನೆಯ ಅಳತೆ ತೆಗೆಯುವ ಮುನ್ನ ಗೋದಲಿ, ಪಡಸಾಲೆ, ಬೆಳಕಿಂಡಿ, ಜಂತಿ ಒಂದೊಂದಕ್ಕೂ ಆ ಮನೆಯವರು ಬಳಸುವ ಹೆಸರನ್ನು, ಅದು ಯಾವ ಭಾಷೆಯದೆಂದು ತೀರ್ಮಾನಿಸದೆ, ಕೇಳಿದಂತೆಯೇ ಬರೆದುಕೊಳ್ಳಬೇಕು. ಹಗೇವಿನ ಜಾಗವನ್ನು ಗಂಡಸರಿಗಿಂತ ಹಿರಿಯ ಹೆಂಗಸರನ್ನು ಕೇಳುವುದು ಲೇಸು. ಮೇಲೆ ಸಿಮೆಂಟು ಬಿದ್ದಿದ್ದರೂ ಕಾಲಿಟ್ಟು ತೋರಿಸಬಲ್ಲವರು ಅವರು.