ಇಬ್ಬರು ನಾಯಕರು, ಒಂದು ವ್ಯಾಧಿ

ಅಧಿಕಾರಕ್ಕೆ ಏರಿದವರ, ಅಲ್ಲಿಂದ ಇಳಿದವರ ಕಥೆಯನ್ನು ಇತಿಹಾಸಕಾರರು ಸಂಪುಟಗಟ್ಟಲೆ ಬರೆದಿದ್ದಾರೆ. ಆದರೆ ಅವರಿಗೂ ಒಂದು ದೇಹವಿತ್ತು, ಅದಕ್ಕೂ ಮಲಮೂತ್ರಗಳ ಬಾಧೆಯಿತ್ತು ಎಂದು ಬರೆಯುವಾಗ ಲೇಖನಿ ಸಂಕೋಚಪಡುತ್ತದೆ. ಹಾಗೆ ಮರೆಗೆ ಸರಿದ ಎರಡು ಪ್ರಸಂಗಗಳನ್ನು ಇಲ್ಲಿ ನೆನೆಯಬಹುದು.

1963ರ ಅಕ್ಟೋಬರ್ 7ರ ರಾತ್ರಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಅವರಿಗೆ ಮೂತ್ರ ಕಟ್ಟಿ ಅಸಾಧ್ಯವಾದ ನೋವು ಬಂದಿತು. ಆಗ ಅವರಿಗೆ 69 ವರ್ಷ. ಮರುದಿನ ನೋವಿನಲ್ಲಿಯೇ ಸಚಿವ ಸಂಪುಟದ ಸಭೆ ನಡೆಸಿದರು. 10ರಂದು ಲಂಡನ್ನಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಯಿತು. ಅವರು ಅಧಿಕಾರ ಬಿಡುವ ಸುದ್ದಿಯನ್ನು ಬ್ಲ್ಯಾಕ್‌ಪೂಲ್‌ನ ಪಕ್ಷ ಸಮ್ಮೇಳನದಲ್ಲಿ ಅಂದೇ ಓದಿದರು. 18ರಂದು ರಾಜೀನಾಮೆ. ಪ್ರಧಾನಿ ಅರಮನೆಗೆ ಹೋಗುವುದು ವಾಡಿಕೆ. ಅಂದು ರಾಣಿಯೇ ಆಸ್ಪತ್ರೆಯ ಹಾಸಿಗೆಯ ಬಳಿಗೆ ಬಂದರು.

ಪ್ರೊಫ್ಯೂಮೊ ಹಗರಣದಿಂದ ಸರ್ಕಾರ ಆ ವರ್ಷ ಜರ್ಜರಿತವಾಗಿತ್ತಾದ್ದರಿಂದ ವ್ಯಾಧಿಯೊಂದೇ ಕಾರಣವೆನ್ನಲಾಗದು. ಆದರೂ ಅದು ಕ್ಯಾನ್ಸರ್ ಆಗಿರಲಿಲ್ಲ. ಮ್ಯಾಕ್‌ಮಿಲನ್ ಆಮೇಲೆ 23 ವರ್ಷ ಬದುಕಿ, 1986ರಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಗ್ರಂಥಿಯಿರುವುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ವಯಸ್ಸಾದಂತೆ ಅದು ಉಬ್ಬಿ, ತನ್ನ ನಡುವೆ ಹಾಯುವ ಮೂತ್ರನಾಳವನ್ನು ಅಮುಕುತ್ತದೆ. ಉಬ್ಬಿದ ಭಾಗವನ್ನು ತೆಗೆದ ಮೇಲೆ ಕೆಲವು ದಿನ ಮೂತ್ರಕ್ಕೆ ನಳಿಗೆಯೇ ದಾರಿ. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ ರೂಪಿಸಿದ ನಳಿಗೆಯ ತುದಿಯಲ್ಲಿ ಪುಟ್ಟ ಬಲೂನಿದೆ. ಅದರಿಂದ ನಳಿಗೆ ಜಾರದೆ ನಿಲ್ಲುತ್ತದೆ. ಆದರೆ ಮೂತ್ರಕೋಶ ಕೆರಳುತ್ತದೆ. ಕೋಶ ಬರಿದಾಗಿದ್ದರೂ ಮೂತ್ರ ಬಂತೆಂಬ ಅವಸರ. ಹಿಂದಿನ ಗುದನಾಳಕ್ಕೂ ಒತ್ತಡ ತಟ್ಟಿ, ಇಲ್ಲದ ಮಲಬಾಧೆಯ ಭ್ರಮೆ. ನೋವಿನ ಔಷಧಗಳಿಂದ ಮಲಬದ್ಧತೆ. ತಿಣುಕಿದರೆ ಮೂತ್ರದಲ್ಲಿ ರಕ್ತ. ನಳಿಗೆ ತೆಗೆದ ಮೇಲೂ ಕೆಲವು ವಾರ ಉರಿ, ಕೆಮ್ಮಿದರೆ ಹನಿ. ಬಹುಮಂದಿಯಲ್ಲಿ ಇದೆಲ್ಲ ಕ್ರಮೇಣ ಇಳಿಯುತ್ತದೆ. ಆದರೆ ಅನುಭವಿಸುವವನಿಗೆ ಆ ದಿನಗಳಲ್ಲಿ ಹಾಗೆ ತೋರುವುದಿಲ್ಲ.

ಇನ್ನು ಎರಡನೆಯ ಪ್ರಸಂಗ. 1964ರ ಮಾರ್ಚಿ ತಿಂಗಳಲ್ಲಿ ಫ್ರಾನ್ಸಿನ ಅಧ್ಯಕ್ಷ ಷಾರ್ಲ್ ದ ಗಾಲ್ ಮೆಕ್ಸಿಕೋ ಪ್ರವಾಸ ಮಾಡಿದರು. ಉಡುಪಿನೊಳಗೆ ನಳಿಗೆಯಿತ್ತು, ಜನ ಕಂಡದ್ದು ನೆಟ್ಟನೆ ನಿಂತ ಎತ್ತರದ ಆಳನ್ನು ಮಾತ್ರ. ಏಪ್ರಿಲ್ 17ರಂದು ಪ್ಯಾರಿಸಿನಲ್ಲಿ ಅವರಿಗೂ ಇದೇ ಶಸ್ತ್ರಚಿಕಿತ್ಸೆಯಾಯಿತು. ಅದು ಮುಗಿದ ಮೇಲೆಯೇ ದೇಶಕ್ಕೆ ಸುದ್ದಿ ತಿಳಿದದ್ದು. 73ರ ಆ ಮುದುಕ ಅದೇ ವರ್ಷ ದಕ್ಷಿಣ ಅಮೆರಿಕದ 10 ದೇಶಗಳನ್ನು ಸುತ್ತಿ ಬಂದರು. 1965ರಲ್ಲಿ ಮತ್ತೆ ಚುನಾಯಿತರಾಗಿ 1969ರವರೆಗೆ ಅಧಿಕಾರದಲ್ಲಿದ್ದರು.

ಒಬ್ಬರು ಅಧಿಕಾರ ಬಿಟ್ಟರು, ಇನ್ನೊಬ್ಬರು ವ್ಯಾಧಿಯನ್ನು ಬಚ್ಚಿಟ್ಟರು. ಸಂಕೋಚವಿಲ್ಲದೆ ಹೇಳಿಕೊಳ್ಳುವ ಮೂರನೆಯ ದಾರಿ ಇಬ್ಬರಿಗೂ ಸುಲಭವಿರಲಿಲ್ಲ. ಈ ವಿಷಯದಲ್ಲಿ ಹೆಂಗಸರು ನಮಗಿಂತ ಮುಂದೆ. ಹೆರಿಗೆಯ ಅನಂತರ ಮೂತ್ರ ಹನಿಯುವುದೆಂದು ಅವರು ವೈದ್ಯರಲ್ಲಿ ಬಾಯಿಬಿಟ್ಟು ಹೇಳಿದ್ದರಿಂದಲೇ ಅಮೆರಿಕದ ಆರ್ನಾಲ್ಡ್ ಕೇಗೆಲ್ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು 1948ರಲ್ಲಿ ಪ್ರಕಟಿಸಿದರು. ಇಂದು ಅದನ್ನೇ ಈ ಶಸ್ತ್ರಚಿಕಿತ್ಸೆಯಾದ ಗಂಡಸರಿಗೂ ಕಲಿಸುತ್ತಾರೆ.

ನಮ್ಮ ಮನೆಗಳಲ್ಲಿಯೂ ಹಿರಿಯರು ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ ಮದುವೆ ಮುಂಜಿಗಳಿಗೆ ಹೋಗುವುದನ್ನು ನಿಲ್ಲಿಸಿ, “ಯಾಕೋ ಮನಸ್ಸಿಲ್ಲ” ಎನ್ನುವುದುಂಟು. ಅದು ಮನಸ್ಸಿನ ಮಾತೇ ಆಗಿರಬೇಕಿಲ್ಲ. ಅವರಾಗಿ ಹೇಳಲಿ ಎಂದು ಕಾಯದೆ, ಮಕ್ಕಳೇ ಹತ್ತಿರ ಕುಳಿತು ಒಮ್ಮೆ ಕೇಳುವುದು ಒಳ್ಳೆಯದು.