ಜಾನುವಾರು ರೋಗತಡೆ ಮತ್ತು ಸುರಕ್ಷಿತ ಹಾಲು (ಶಿರಸಿ, ಸಿದ್ದಾಪುರ, ಯಲ್ಲಾಪುರ)

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ದನ ಸಾಕಣೆ ಅಡಿಕೆ ತೋಟದ ಒಂದು ಅಂಗ. ಸೊಪ್ಪಿನ ಬೆಟ್ಟದಿಂದ ತಂದ ಹಸಿ ಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಗೆ ಹಾಸಾಗಿ, ಸಗಣಿ ಗಂಜಲದೊಡನೆ ಗೊಬ್ಬರವಾಗಿ ತೋಟ ಸೇರುತ್ತದೆ. ಮಿಶ್ರತಳಿ ಹಸುಗಳು ಹೆಚ್ಚಾಗಿ ಕೊಟ್ಟಿಗೆಯಲ್ಲೇ ಇರುತ್ತವೆ. ಸ್ಥಳೀಯ ತಳಿಯಾದ ಮಲೆನಾಡು ಗಿಡ್ಡ ಹಗಲೆಲ್ಲ ಬೆಟ್ಟ, ಕಾಡುಗಳಲ್ಲಿ ಮೇಯುತ್ತದೆ. ಸರ್ಕಾರಿ ನಿಯಮಗಳು ಕೊಟ್ಟಿಗೆಯ ಹಸುವಿಗೆ ಹೊಂದಿದಷ್ಟು ಸಲೀಸಾಗಿ ಕಾಡು ಮೇಯುವ ದನಕ್ಕೆ ಹೊಂದುವುದಿಲ್ಲ.

ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣಕ್ಕೆ 2009ರಲ್ಲಿ ಬಂದ ಕೇಂದ್ರ ಕಾಯ್ದೆಯೇ ಇಲ್ಲಿ ಆಧಾರ. ಕಾಯ್ದೆಯ ಪಟ್ಟಿಯಲ್ಲಿರುವ ರೋಗದ ಶಂಕೆ ಬಂದೊಡನೆ ಮಾಲೀಕ ಗ್ರಾಮಮಟ್ಟದ ಅಧಿಕಾರಿಗೆ ತಿಳಿಸಬೇಕು, ಕಾಯಿಲೆ ದನವನ್ನು ಬೇರೆ ಕಟ್ಟಬೇಕು. ರೋಗಪೀಡಿತವೆಂದು ಘೋಷಿಸಿದ ಪ್ರದೇಶದಲ್ಲಿ ದನಗಳ ಸಾಗಾಟಕ್ಕೆ ನಿರ್ಬಂಧವಿದೆ. ಚರ್ಮಗಂಟು ರೋಗ ಹಬ್ಬಿದ 2022ರಲ್ಲಿ ರಾಜ್ಯದಲ್ಲಿ ಜಾನುವಾರು ಸಂತೆ, ಜಾತ್ರೆ ನಿಂತವು. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಲಾಯಿತು. ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತ ದನವನ್ನು ಕೊಯ್ಯದೆ, ಚರ್ಮ ಸುಲಿಯದೆ ಆಳವಾಗಿ ಹೂಳಬೇಕು ಅಥವಾ ಸುಡಬೇಕು: ಅದರ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕುತ್ತವೆ.

2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಜ್ವರಕ್ಕೆ 6 ತಿಂಗಳಿಗೊಮ್ಮೆ, ಕಂದುರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಉಚಿತ ಲಸಿಕೆ ಇದೆ. ಲಸಿಕೆಯ ಲೆಕ್ಕ ಸೇರುವುದು ಕಿವಿಯೋಲೆಯ 12 ಅಂಕಿಗೆ. ಓಲೆ ಹಾಕಲು ಕಾಡು ಮೇಯುವ ದನ ಮೊದಲು ಕೈಗೆ ಸಿಗಬೇಕಲ್ಲ!

ಹಾಲಿನ ಗುಣಮಟ್ಟ 2006ರ ಆಹಾರ ಸುರಕ್ಷತಾ ಕಾಯ್ದೆಗೆ ಒಳಪಟ್ಟಿದೆ. ಆಕಳ ಹಾಲಿನಲ್ಲಿ ಕನಿಷ್ಠ ಶೇ. 3.2 ಕೊಬ್ಬು, ಶೇ. 8.3 ಕೊಬ್ಬೇತರ ಘನಾಂಶ ಇರಬೇಕು. ಬೂಸ್ಟು ಹಿಡಿದ ಹಿಂಡಿಯಿಂದ ಹಾಲಿಗಿಳಿಯುವ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು. ತಿಂಗಳುಗಟ್ಟಲೆ ಮಳೆ ಹಿಡಿಯುವ ಸೀಮೆಯಲ್ಲಿ ಹಿಂಡಿ ಒಣಗಿಡುವುದೇ ದೊಡ್ಡ ಕೆಲಸ. ಪೂರ್ತಿ ಹಾಲನ್ನು ಸಹಕಾರ ಸಂಘಕ್ಕೇ ಹಾಕುವ ಸದಸ್ಯರಿಗೆ ನೋಂದಣಿಯಿಂದ ವಿನಾಯಿತಿ ಇದೆ. ಈ ಭಾಗದ ಸಂಘಗಳು ಧಾರವಾಡ ಹಾಲು ಒಕ್ಕೂಟದ ವ್ಯಾಪ್ತಿಗೆ ಬರುತ್ತವೆ. ಔಷಧ ಕೊಟ್ಟ ಹಸುವಿನ ಹಾಲನ್ನು ಔಷಧದ ಚೀಟಿಯಲ್ಲಿ ನಮೂದಿಸಿದಷ್ಟು ದಿನ ಮಾರುವಂತಿಲ್ಲ. ಆ ಔಷಧಕ್ಕೆ ಅವಧಿ ನಿಗದಿಯಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಕೆಚ್ಚಲುಬಾವಿಗೆ ಚುಚ್ಚುಮದ್ದು ಕೊಡಿಸಿದ ಮನೆಗೆ ಒಂದು ವಾರದ ಹಾಲು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಸಂಘದ ಕ್ಯಾನಿಗೆ ಬಿದ್ದ ಮೇಲೆ ಯಾವ ಮನೆಯ ಹಾಲೆಂದು ಹುಡುಕುವುದೂ ಕಷ್ಟ.

ಇಷ್ಟೆಲ್ಲ ನಿಯಮ ಹುಡುಕುವುದು ಕಾಯಿಲೆ ಬಿದ್ದ ದನವನ್ನು. ಮಂಗನ ಕಾಯಿಲೆಯಲ್ಲಿ ದನಕ್ಕೆ ಕಾಯಿಲೆಯೇ ಕಾಣುವುದಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ವೈರಸ್ಸನ್ನು ಉಣುಗು ಹರಡುತ್ತದೆ. ಬೆಳೆದ ಉಣುಗಿಗೆ ದನದ ರಕ್ತ ಧಾರಾಳವಾಗಿ ಸಿಗುವುದರಿಂದ ಸಂತತಿ ಹೆಚ್ಚುತ್ತದೆ. ಮರಿ ಉಣುಗು ಚಳಿ, ಬೇಸಿಗೆಗಳಲ್ಲಿ ಮನುಷ್ಯರನ್ನು ಕಚ್ಚುತ್ತದೆ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಕಾಯಿಲೆ ಜೋರಾಗಿತ್ತು. ಇಲ್ಲಿ ಕಾನೂನಿಗಿಂತ ಸಲಹೆಯೇ ಹೆಚ್ಚು: ದನದ ಮೈಗೆ ಉಣುಗುನಾಶಕ ಹಚ್ಚುವುದು, ಕಾಡಿಗೆ ಹೋಗುವಾಗ ಉಣುಗು ತಡೆಯುವ ಡೆಪಾ ಎಣ್ಣೆ ಸವರಿಕೊಳ್ಳುವುದು, ಮಂಗ ಸತ್ತ ಕಡೆಯಿಂದ ದರಕು ತರದಿರುವುದು.